ನಮ್ಮ ಹಂಚು, ಖಾಲಾನ ತವಾ

ನನಗೊಂದು ಕೆಟ್ಟ ಚಾಳಿ ಇದೆ. ಚಪ್ಪಟೆಯಾದದ್ದು ಏನು ಕಂಡರೂ ಅಂಗೈಯಿಂದ ಬಡಿಯುತ್ತೇನೆ. ಮೇಜು, ಬಸ್ಸಿನ ಮುಂದಿನ ಸೀಟಿನ ಬೆನ್ನು, ಮದುವೆ ಮನೆಯ ಊಟದ ಟೇಬಲ್ಲು, ಒಮ್ಮೆಯಂತೂ ಹಲ್ಲಿನ ಡಾಕ್ಟರ ಕುರ್ಚಿಯ ಕೈ. ಬರೀ ಬಡಿದರೆ ಜನ ಸಹಿಸಿಕೊಂಡಾರು. ನನ್ನ ಕೈ ಬಡಿಯುತ್ತ ಬಡಿಯುತ್ತ ಸ್ವಲ್ಪ ತಿರುಗುತ್ತದೆ, ಕೆಳಗಿಲ್ಲದ ಏನನ್ನೋ ತಿರುಗಿಸುತ್ತದೆ. ಪಕ್ಕದಲ್ಲಿ ಕೂತವರು ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. 'ತಬಲಾ ಕಲಿತಿದ್ದೀರಾ?' ಎಂದು ಕೇಳಿದವರೂ ಇದ್ದಾರೆ. ಇಲ್ಲ ಸ್ವಾಮಿ, ರೊಟ್ಟಿ ಕಲಿತಿದ್ದೇನೆ.

ಮೊನ್ನೆ ಈ ಚಾಳಿಯಿಂದ ಶಂಶಾಬಾದಿನಲ್ಲಿ ಮರ್ಯಾದೆ ಹೋಗುವುದಿತ್ತು. ಹೊಸ ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿ ಕೆಲಸ ಮಾಡುವವರಿಗೆ ಊಟ ಒದಗಿಸುವ ಒಂದು ಕಂಪನಿ ನಮ್ಮ ಜೋಳದ ರೊಟ್ಟಿ ಬೇಕೆಂದು ಕರೆದಿತ್ತು. ಹೋದೆ. ಗೋಡೆಯೂ ಗಾಜು, ಬಾಗಿಲೂ ಗಾಜು, ಮೇಜೂ ಗಾಜು. ಎದುರಿಗೆ ನನ್ನ ತಂಗಿಯ ಮಗನ ವಯಸ್ಸಿನ, ಟೈ ಕಟ್ಟಿದ ಹುಡುಗ. ರೊಟ್ಟಿಯ ರುಚಿ ನೋಡಿದ, ಚಟ್ನಿಯ ರುಚಿ ನೋಡಿ ನೀರು ಕುಡಿದ. ಆಮೇಲೆ ತೆಲುಗಿನಲ್ಲಿ ಕೇಳಿದ: "ಮೇಡಂ, ಮೀ ಬಿಸಿನೆಸ್ ಪರ್ಪಸ್ ಏಮಿಟಂಡಿ? ಒಕ್ಕ ಲೈನ್‌ಲೋ ಚೆಪ್ಪಂಡಿ."

ವ್ಯಾಪಾರದ ಉದ್ದೇಶವನ್ನು ಒಂದು ಸಾಲಿನಲ್ಲಿ ಹೇಳಬೇಕಂತೆ! ನಾನು ಬಾಯಿ ತೆರೆದೆ. ಮಾತಿನ ಬದಲು ಕೈ ಶುರುವಾಯಿತು. ಪಟ ಪಟ ಪಟ. ಗಾಜಿನ ಮೇಜು ನಡುಗಿತು. ಹುಡುಗ ಮೆಲ್ಲಗೆ ನೀರಿನ ಲೋಟವನ್ನು ತನ್ನ ಕಡೆ ಎಳೆದುಕೊಂಡ. ಮೇಡಮ್ಮಿಗೆ ಸಿಟ್ಟು ಬಂದಿದೆ ಎಂದುಕೊಂಡನೋ ಏನೋ. "ನಾಳೆ ಹೇಳುತ್ತೇನೆ" ಎಂದು ಎದ್ದು ಬಂದೆ.

ಒಂದು ಸಾಲಿನ ಮಾತು ನಮ್ಮ ಮನೆತನದಲ್ಲಿ ಇಲ್ಲ ನೋಡಿ. ಅದಕ್ಕೆ ಅಪ್ಪನೇ ಕಾರಣ. ಅಪ್ಪ ಸೆಕ್ರೆಟೇರಿಯಟ್ಟಿನಲ್ಲಿ ಕೆಲಸದಲ್ಲಿದ್ದವರು. ಅವರ ಅಪ್ಪನೂ ಸರಕಾರಿ ನೌಕರಿಯವರೇ. ಭಾಷೆ ನೋಡಿ ರಾಜ್ಯಗಳನ್ನು ಪಾಲು ಮಾಡಿದಾಗ ನಮ್ಮ ಬೀದರ್ ಆ ಕಡೆ ಹೋಯಿತು, ಅಜ್ಜನ ನೌಕರಿ ಈ ಕಡೆ, ಹೈದರಾಬಾದಿನಲ್ಲೇ ಉಳಿಯಿತು. ನೌಕರಿ ಉಳಿದ ಕಡೆ ನಾವೂ ಉಳಿದೆವು. ಅಪ್ಪನಿಗೆ ಕಡತದ ಭಾಷೆ ರಕ್ತದಲ್ಲಿತ್ತು. ಒಂದು ಲೋಟ ನೀರು ಬೇಕಾದರೂ ಮೊದಲು ಬಿಸಿಲಿನ ಸ್ಥಿತಿಗತಿ, ನಂತರ ತಮ್ಮ ಗಂಟಲಿನ ಪರಿಸ್ಥಿತಿ, ಕಡೆಗೆ 'ಮೇಲ್ಕಂಡ ಕಾರಣಗಳಿಂದ' ನೀರು. ಅಷ್ಟರಲ್ಲಿ ಅವ್ವ ನೀರು ತಂದಿಟ್ಟು ಹೋಗಿ ಬಹಳ ಹೊತ್ತಾಗಿರುತ್ತಿತ್ತು.

ಅಪ್ಪ ಮನೆ ಕಟ್ಟಿಸಿದ್ದು ಎರ್ರಗಡ್ಡದಲ್ಲಿ. ಹೈದರಾಬಾದಿನವರಿಗೆ ಆ ಹೆಸರು ಹೇಳಿದರೆ ಸಾಕು, ತುಟಿಯಂಚಿನಲ್ಲಿ ನಗುತ್ತಾರೆ. ಹುಚ್ಚರ ಆಸ್ಪತ್ರೆಯಿಂದ ಹೆಸರಾದ ಜಾಗ ಅದು. ಆಟೋದವನಿಗೆ 'ಎರ್ರಗಡ್ಡ' ಅಂದರೆ ಒಮ್ಮೆ ಕನ್ನಡಿಯಲ್ಲಿ ನಮ್ಮನ್ನು ನೋಡಿಕೊಂಡೇ ಗಾಡಿ ಎತ್ತುತ್ತಿದ್ದ. ಆದರೆ ನಮ್ಮ ಗಲ್ಲಿಯಿಂದ ನಾಲ್ಕು ಹೆಜ್ಜೆ ಹೋದರೆ ಮುಂಬಯಿ ರಸ್ತೆ. ಊರಿನಿಂದ ಜೋಳದ ಚೀಲ ಹೊತ್ತ ಬೀದರ್ ಬಸ್ಸು ಅದೇ ರಸ್ತೆಯಲ್ಲಿ ಬರುತ್ತಿತ್ತು. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಜನರನ್ನು ತುಂಬಿಕೊಂಡು ಹೋಗುವ ಬಸ್ಸೂ ಅದೇ ರಸ್ತೆಯಲ್ಲಿ ಹೋಗುತ್ತಿತ್ತು. ನಮ್ಮ ವ್ಯಾಪಾರ ಹುಟ್ಟಿದ್ದು ಈ ಎರಡು ಬಸ್ಸುಗಳ ನಡುವೆ.

ಹುಟ್ಟಿದ್ದು ಹೀಗೆ. ಒಂದು ಸಂಜೆ ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗೇಟಿನ ಹತ್ತಿರ ಒಬ್ಬ ಆಳು ನಿಂತಿದ್ದ. ನಿಂತವನು ಹೋಗಲೇ ಇಲ್ಲ. ಅಪ್ಪ ಹೊರಗೆ ಬಂದು ವಿಚಾರಣೆಯ ಮೊದಲ ಪ್ಯಾರಾ ಶುರುಮಾಡುವಷ್ಟರಲ್ಲಿ ಅವನೇ ಅಡಿಗೆಮನೆಯ ಕಿಟಕಿಯ ಕಡೆ ಕೈಮುಗಿದ.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ರಸ್ತೆದಾಗ ಹೊಂಟಿದ್ನಿ. ರೊಟ್ಟಿ ಬಡಿಯೋ ಸಪ್ಪಳ ಕೇಳಿಸ್ತು. ಕಾಲು ಮುಂದಕ್ಕ ಹೋಗವಲ್ಲವು."

"ಗೇಟಿಗೆ ನಿಂತರ ಹೊಟ್ಟಿ ತುಂಬತೈತೇನು? ಒಳಗ ಬರ್ರಿ" ಅಂದಳು ಅವ್ವ.

ಅವನೇ ಬಸಣ್ಣ. ಭಾಲ್ಕಿ ಕಡೆಯವನು. ಪಟಾನ್‌ಚೆರುವಿನಲ್ಲಿ ಒಂದು ಔಷಧದ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಗಲ್ಲಿಯ ಹಿಂದೆಯೇ ಊರಿನ ಹುಡುಗರ ಜೊತೆ ಒಂದು ಖೋಲಿ ಮಾಡಿಕೊಂಡಿದ್ದ. ರೊಟ್ಟಿ ಮುರಿದು ಬಾಯಿಗಿಟ್ಟವನೇ ಕಣ್ಣು ಒರೆಸಿಕೊಂಡು "ಖಾರ ಭಾಳ ಐತ್ರಿ" ಅಂದ. ಅಂದಿನ ಚಟ್ನಿ ನನ್ನ ಆಯಿಗೆಂದು, ಅಂದರೆ ಅಪ್ಪನ ಅವ್ವನಿಗೆಂದು ಮಾಡಿದ್ದು. ಅದರಲ್ಲಿ ಖಾರವೇ ಇರಲಿಲ್ಲ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಉಂಡ ಮೇಲೆ ಅವನು ಹೇಳಿದ ಮಾತು ಅವ್ವನ ಮನಸ್ಸಿನಲ್ಲಿ ಕೂತಿತು. ಅವರ ಕಾರ್ಖಾನೆ ಸಣ್ಣದು, ಅಲ್ಲಿ ಕ್ಯಾಂಟೀನಿಲ್ಲ. ಹೊರಗೆ ಚಹಾ, ಮಿರ್ಚಿ ಬಿಟ್ಟರೆ ಏನೂ ಸಿಗುವುದಿಲ್ಲ. ನಸುಕಿನಲ್ಲಿ ಬಸ್ಸು. ಗಂಡಸರೇ ಇರುವ ಖೋಲಿಯಲ್ಲಿ ಅಷ್ಟು ಹೊತ್ತಿಗೆ ಯಾರು ಅಡಿಗೆ ಮಾಡುತ್ತಾರೆ? "ಖಾಲಿ ಹೊಟ್ಟೀಲೆ ಆ ವಾಸನಿ ತಲಿಗೆ ಏರತೈತ್ರಿ ಅಕ್ಕಾರ. ಹ್ವಾದ ವಾರ ನಮ್ಮ ಹುಡುಗೊಬ್ಬ ಡ್ರಮ್ಮಿನ ಬಾಜೂಕ ಧೊಪ್ಪಂತ ಬಿದ್ದ. ಪುಣ್ಯಾಕ್ಕ ಆ ಕಡೆ ಬೀಳಲಿಲ್ಲ."

ಆ ಕಡೆ ಏನಿತ್ತು ಎಂದು ಅವ್ವ ಕೇಳಲಿಲ್ಲ. ಮರುದಿನ ಬಸಣ್ಣನ ಜೊತೆ ಇಬ್ಬರು ಬಂದರು. ಅದರ ಮರುದಿನ ಐದು ಜನ. ಅವ್ವ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎರಡು ಒಲೆ ಹೂಡಿಸಿದಳು. ಊರಿನಿಂದ ಬಂದ ಕೆಲಸಗಾರರ ಹೆಂಡತಿಯರಲ್ಲಿ ಇಬ್ಬರನ್ನು ಜೊತೆಗೆ ಸೇರಿಸಿಕೊಂಡಳು. ಸಂಜೆ ಎಲ್ಲರೂ ತಮ್ಮ ತಮ್ಮ ಬುತ್ತಿಯ ಬಟ್ಟೆ ಕೊಟ್ಟು ಹೋಗಬೇಕು, ನಸುಕಿನಲ್ಲಿ ರೊಟ್ಟಿ, ಪಲ್ಯ, ಚಟ್ನಿಯ ಗಂಟು ಒಯ್ಯಬೇಕು. ಯಾರದು ಯಾವ ಬಟ್ಟೆ ಎಂದು ಅವ್ವನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಹಳದಿ ಹೂವಿನದು ಬಸಣ್ಣನದು, ಹೆಂಡತಿಯ ಹಳೇ ಸೀರೆಯ ತುಂಡು.

ಅಪ್ಪನಿಗೆ ಮೊದಮೊದಲು ಇದು ಸರಿಬರಲಿಲ್ಲ. ಸೆಕ್ರೆಟೇರಿಯಟ್ಟಿನವನ ಹೆಂಡತಿ ರೊಟ್ಟಿ ಮಾರುವುದೆಂದರೇನು? "ಇದರ ಅವಶ್ಯಕತೆ, ಇದರ ಸಾಧಕ ಬಾಧಕ, ಮತ್ತ ಇದರ ಉದ್ದೇಶದ ಬಗ್ಗೆ ಒಂದು ವಿಚಾರ ಆಗಬೇಕಲ್ಲ?" ಎಂದು ಕೇಳಿದರು. ಅವ್ವ ಹಿಟ್ಟು ನಾದುತ್ತಲೇ ಹೇಳಿದಳು: "ಈ ಗಲ್ಲಿಯಿಂದ ಬಸ್ ಹತ್ತಾವ್ರ ಗಂಟು ಖಾಲಿ ಇರಬಾರದು. ಅಷ್ಟ ರೀ."

ಅಪ್ಪನಿಗೆ ಅದರ ಮೇಲೆ ಟಿಪ್ಪಣಿ ಬರೆಯಲು ಜಾಗವೇ ಸಿಗಲಿಲ್ಲ.

ನಿವೃತ್ತರಾದ ಮೇಲೆ ಮಾತ್ರ ಅಪ್ಪ ಈ ವ್ಯಾಪಾರವನ್ನು ಪೂರ್ತಿ ಪ್ರೀತಿಸತೊಡಗಿದರು. ಪ್ರೀತಿ ಅಂದರೆ ಹೇಗೆ? ತಮ್ಮನ್ನು ತಾವೇ ಮ್ಯಾನೇಜಿಂಗ್ ಡೈರೆಕ್ಟರ್ ಆಗಿ ನೇಮಿಸಿಕೊಂಡರು. ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಶೆಡ್ಡಿಗೆ ಬಂದು ನಿಂತರೆ ಅವ್ವ, "ಮ್ಯಾನೇಜ್ ಆಮ್ಯಾಲ ಮಾಡೀರಂತ, ಮೊದಲ ಹಿಟ್ಟು ಸಾಣಿಸ್ರಿ" ಎನ್ನುವಳು. ಡೈರೆಕ್ಟರು ಜರಡಿ ಹಿಡಿದು ಕೂಡುವರು. ಹಿಟ್ಟಿನ ಜೊತೆ ಸಲಹೆಗಳೂ ಉದುರುತ್ತಿದ್ದವು. ಜೋಳಕ್ಕೆ ಸ್ವಲ್ಪ ಗೋದಿ ಬೆರೆಸಿ ಲಟ್ಟಿಸಿದರೆ ಕೆಲಸ ಬೇಗ ಆಗುವುದಿಲ್ಲವೇ? "ಲಟ್ಟಿಸಿದ್ದಕ್ಕ ಚಪಾತಿ ಅಂತಾರ. ಅವರು ಚಪಾತಿ ಕೇಳಿಲ್ಲ." ಮುಗಿಯಿತು.

ನಾನೂ ಆ ಶೆಡ್ಡಿನಲ್ಲೇ ಬಡಿಯಲು ಕಲಿತದ್ದು. ಬಿಸಿನೀರು ಹೊಯ್ದು ಅಂಗೈ ಬುಡದಿಂದ ನಾದಬೇಕು, ಹಲಗೆಯ ಮೇಲೆ ಹಿಟ್ಟು ಚೆಲ್ಲಿ ಬಡಿಯಬೇಕು, ಬಡಿತದಲ್ಲೇ ಅದು ತಿರುಗಬೇಕು. ತಿರುಗಿಸಿದರೆ ಹರಿಯುತ್ತದೆ, ತಾನಾಗಿ ತಿರುಗಿದರೆ ದುಂಡಗಾಗುತ್ತದೆ. ನನ್ನ ಮೊದಲ ರೊಟ್ಟಿ ಆಂಧ್ರಪ್ರದೇಶದ ನಕ್ಷೆಯಂತಿತ್ತು, ಸಮುದ್ರ ತೀರದ ಬಾಲವೂ ಸೇರಿ. ಅಪ್ಪ ಅದನ್ನು ಎತ್ತಿ ಹಿಡಿದು, "ಇದನ್ನ ಸೆಕ್ರೆಟೇರಿಯಟ್ಟಿನ ಗ್ವಾಡಿಗೆ ಹಾಕಬೇಕು" ಅಂದರು. ಆಯಿ ಆ ನಕ್ಷೆಯನ್ನು ಹಾಲಿನಲ್ಲಿ ನೆನೆಸಿ ತಿಂದು ನನ್ನ ಮಾನ ಉಳಿಸಿದಳು.

ಈಗ ಒಂದು ಪಂಚಮಿಯ ಕಥೆಗೆ ಬರಬೇಕು. ಅದಿಲ್ಲದೆ ಹುಡುಗನ ಪ್ರಶ್ನೆಗೆ ಉತ್ತರವಿಲ್ಲ.

ಅವ್ವನ ತವರು ವಿಜಾಪುರ ಕಡೆ. ಅಲ್ಲಿ ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು, ಕಡಕ್ ರೊಟ್ಟಿ ಮಾಡಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ ಇಟ್ಟು ಓಣಿಯ ಮನೆಮನೆಗೂ ಬೀರಿ ಬರುತ್ತಾರೆ. ಅವ್ವ ಆ ಹಬ್ಬವನ್ನು ಎರ್ರಗಡ್ಡಕ್ಕೆ ತಂದಳು. ತೆಲುಗರು, ಮಾರ್ವಾಡಿಗಳು, ಮುಸಲ್ಮಾನರು, ಗಲ್ಲಿಯಲ್ಲಿ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಮರುದಿನದ ಪಂಚಮಿಗೆ ಮಾತ್ರ ಇನ್ನೊಂದು ಕಟ್ಟಳೆ: ರೊಟ್ಟಿ ಸುಡುವ ಹಂಚು ಒಲೆ ಏರಬಾರದು. ಹಂಚೆಂದರೆ ನಾಗಪ್ಪನ ಹೆಡೆ. ಕುದಿಸಬಹುದು, ಬೇಯಿಸಬಹುದು, ಸುಡುವಂತಿಲ್ಲ. ಈ ಕಟ್ಟಳೆಯ ಕಾವಲಿಗೆ ಆಯಿ ಇದ್ದಳು. ಮುಂಚಿನ ರಾತ್ರಿಯೇ ಹಂಚುಗಳನ್ನೆಲ್ಲ ತೊಳೆಸಿ, ಗೋಡೆಗೆ ಬೋರಲು ಹಾಕಿಸಿ, ಅದರ ಎದುರೇ ತನ್ನ ಹಾಸಿಗೆ ಬಿಡಿಸುವಳು.

ಕಾರ್ಖಾನೆಗೆ ನಾಗಪ್ಪನ ಭಯವಿಲ್ಲ. ಪಂಚಮಿಯ ದಿನವೂ ಬಸ್ಸು ಬರುತ್ತಿತ್ತು. ಅದಕ್ಕೇ ಅವ್ವ ಎರಡು ದಿನ ಮೊದಲಿಂದಲೇ ಕಡಕ್ ರೊಟ್ಟಿ ಮಾಡಿಡುತ್ತಿದ್ದಳು. ಬುಟ್ಟಿಯಲ್ಲಿಟ್ಟು, ಮೇಲೊಂದು ತೆಳು ಬಟ್ಟೆ ಹಾಕಿ, ಒಲೆಯ ಕಾವು ತಾಗುವ ಕಡೆ ಇಟ್ಟರೆ ಅವು ವಾರ ಕಳೆದರೂ ಕೆಡುವುದಿಲ್ಲ. ಅವುಗಳಿಗೆ ಗಾಳಿ ಬೇಕು, ಅಷ್ಟೇ.

ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದೆ. ಆ ವರ್ಷ ನಮ್ಮ ಮ್ಯಾನೇಜಿಂಗ್ ಡೈರೆಕ್ಟರರು ಬೇಗಂಬಜಾರಿಗೆ ಹೋಗಿ ಪ್ಲಾಸ್ಟಿಕ್ ಚೀಲಗಳನ್ನು ಮಾಡಿಸಿಕೊಂಡು ಬಂದರು. ಮೇಲೆ 'ಗೌರಮ್ಮ ರೊಟ್ಟಿ ಉದ್ಯಮ' ಎಂದು ಮೂರು ಭಾಷೆಗಳಲ್ಲಿ ಅಚ್ಚು. ಅವ್ವನ ಹೆಸರು ಅಚ್ಚಾದದ್ದು ಅದೇ ಮೊದಲು. ಅವಳಿಗೆ ಆಶ್ಚರ್ಯವಾಗಲಿ ಎಂದು ಅಪ್ಪ ಗುಟ್ಟು ಮಾಡಿದರು. ನಾವೆಲ್ಲ ಮನೆಮನೆಗೆ ರೊಟ್ಟಿ ಬೀರಲು ಹೋದಾಗ, ಒಬ್ಬರೇ ಕೂತು, ಬುಟ್ಟಿಯ ರೊಟ್ಟಿಗಳನ್ನೂ ಆಗಷ್ಟೇ ಒಲೆಯಿಂದ ಇಳಿದ ಬೆಚ್ಚಗಿನ ರೊಟ್ಟಿಗಳನ್ನೂ ಚೀಲಗಳಿಗೆ ತುಂಬಿದರು. ಬಾಯಿಯನ್ನು ಮೇಣದ ಬತ್ತಿಯ ಉರಿಗೆ ಹಿಡಿದು ಒಂದಿಷ್ಟೂ ಗಾಳಿಯಾಡದಂತೆ ಅಂಟಿಸಿದರು. ಎಲ್ಲವನ್ನೂ ಟ್ರಂಕಿನಲ್ಲಿ ಪೇರಿಸಿ ಮುಚ್ಚಳ ಹಾಕಿದರು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ನಾವು ಬಂದಾಗ ಅಪ್ಪ ಯಾವುದೋ ವಚನ ಗುನುಗುತ್ತ ತುಂಬ ಪ್ರಸನ್ನರಾಗಿದ್ದರು.

ನಸುಕಿನಲ್ಲಿ ಅವ್ವ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಬುಟ್ಟಿ ಖಾಲಿ. ಅಪ್ಪ ನಗುನಗುತ್ತ ಬಂದು ಟ್ರಂಕಿನ ಮುಚ್ಚಳ ಎತ್ತಿದರು.

ಮೊದಲು ಮುಗ್ಗಲು ವಾಸನೆ ಬಂತು. ಚೀಲಗಳ ಒಳಗೆಲ್ಲ ಬೆವರು. ಕಡಕ್ ರೊಟ್ಟಿ ಒದ್ದೆ ಬಟ್ಟೆಯಂತಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವ್ವ ಒಂದು ಚೀಲ ಹರಿದು ರೊಟ್ಟಿ ಮುರಿದು ನೋಡಿದಳು. ಮುರಿಯಲಿಲ್ಲ, ಜೋಲುಬಿತ್ತು. ಇನ್ನೊಂದು ಹರಿದಳು. ಅದೂ ಹಾಗೇ.

"ಹೈಜೀನಿಕ್ ಆಗಿ..." ಎಂದು ಶುರುಮಾಡಿದ ಅಪ್ಪ ಅಲ್ಲಿಗೇ ನಿಂತರು. ನಮ್ಮ ಮನೆಯಲ್ಲಿ ಅಪ್ಪನ ವಾಕ್ಯವೊಂದು ಪೂರ್ತಿಯಾಗದೆ ಉಳಿದದ್ದು ಅದೇ ಮೊದಲು. ಅವ್ವ ಬೈದಿದ್ದರೆ ಅವರು ತಾಳಿಕೊಳ್ಳುತ್ತಿದ್ದರು. ಅವಳು ಚೀಲದ ಮೇಲಿನ ತನ್ನ ಹೆಸರನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು, ಚೀಲವನ್ನು ಮಡಚಿ ಬದಿಗಿಟ್ಟಳು.

ಬಸ್ಸಿಗೆ ಇನ್ನೊಂದು ಗಂಟೆಯೂ ಇರಲಿಲ್ಲ. ನಲವತ್ತರ ಹತ್ತಿರ ಬುತ್ತಿಯ ಬಟ್ಟೆಗಳು ಹಲಗೆಯ ಮೇಲೆ ಬಾಯಿ ತೆರೆದು ಕೂತಿದ್ದವು. "ಅನ್ನ ಇಡಲೇನು?" ಎಂದೆ ನಾನು. "ಅಷ್ಟ ಮಂದಿಗೆ ಅನ್ನ ಬೇಯೂದರಾಗ ಬಸ್ಸು ಪಟಾನ್‌ಚೆರು ಮುಟ್ಟಿರತೈತಿ" ಅಂದಳು ಆಯಿ. ಅವ್ವನ ಕೈ ಬೋರಲು ಹಾಕಿದ ಹಂಚಿನ ಕಡೆ ಹೋಯಿತು.

"ಗೌರೀ," ಅಂದಳು ಆಯಿ. ಅಷ್ಟೇ ಅಂದಳು.

ಅವ್ವ ಕೈ ಹಿಂದೆ ತೆಗೆದಳು. "ನಿಮ್ಮ ಮಾತು ಮುರಿಯಂಗಿಲ್ರಿ ಅತ್ಯಾರ. ನನ್ನ ಮಾತೂ ಮುರಿಯಂಗಿಲ್ಲ. ಮುರದರ ನನ್ನ ಸೊಕ್ಕು ಮುರೀಲಿ." ಹೀಗೆಂದು ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನ ಕಡೆ ತಿರುಗಿ, "ಶಕ್ಕೂ, ನೀನೊಂದು ಬುಟ್ಟಿ ತೊಗೊ" ಅಂದಳು.

ನನಗೆ ಅರ್ಥವಾಗುವ ಮೊದಲೇ ನಾವು ಗಲ್ಲಿಯಲ್ಲಿದ್ದೆವು. ಅವ್ವ ಹೊರಟದ್ದು ಹಿಂದಿನ ದಿನ ತಾನೇ ಕೊಟ್ಟ ರೊಟ್ಟಿಗಳನ್ನು ವಾಪಸು ಕೇಳಲು!

ನನ್ನ ಅವ್ವ ಹೇಗೆಂಬುದು ನಿಮಗೆ ಗೊತ್ತಾಗಬೇಕು. ನೆರೆಮನೆಯಿಂದ ಒಂದು ಚಮಚ ಸಕ್ಕರೆ ತಂದವಳಲ್ಲ. ಸಕ್ಕರೆ ಮುಗಿದರೆ ಅಂದು ಬೆಲ್ಲದ ಚಹಾ. ಬೆಲ್ಲವೂ ಮುಗಿದರೆ 'ಚಹಾ ಕುಡಿದರ ಪಿತ್ತ ಆಗತೈತಿ' ಎಂಬ ಹೊಸ ವೈದ್ಯಶಾಸ್ತ್ರ. ಅಂಥವಳು ಹಬ್ಬದ ಬೆಳಗಿನಲ್ಲಿ, ಇನ್ನೂ ಬಾಗಿಲು ತೆರೆಯದ ಮನೆಗಳನ್ನು ಬಡಿದು ಕೊಟ್ಟದ್ದನ್ನು ತಿರುಗಿ ಬೇಡಬೇಕು. ತಿರುವಿನ ಮನೆಯಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ನಾನು ಮುಖ ಮುಚ್ಚಿಕೊಳ್ಳಲು ಸೆರಗಿಲ್ಲದೆ ಬುಟ್ಟಿಯನ್ನೇ ಅಡ್ಡ ಹಿಡಿದು ನಡೆದೆ.

ಮೊದಲ ಮನೆ ಸುಬ್ಬಲಕ್ಷ್ಮಮ್ಮನವರದು, ನಿವೃತ್ತ ಟೀಚರು. ಅವ್ವ ತೆಲುಗಿನಲ್ಲಿ, ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತ ವಿಷಯ ಹೇಳಿದಳು. ಆ ಮಹಾತಾಯಿ ಗಲ್ಲಕ್ಕೆ ಕೈಹಚ್ಚಿಕೊಂಡು, "ಅಯ್ಯೋ, ಅವಿ ದೇವುಡಿ ದಗ್ಗರ ಪೆಟ್ಟಾನಮ್ಮಾ!" ಎಂದರು. ಅಷ್ಟು ಗಟ್ಟಿಯಾದದ್ದು ತಿನ್ನುವ ಪದಾರ್ಥವಲ್ಲ, ಪೂಜೆಯದು ಎಂದುಕೊಂಡು ದೇವರ ಪಕ್ಕ ಇಟ್ಟಿದ್ದರಂತೆ. "ಪೋಯಿನ ಏಡಾದಿವಿ ಕೂಡಾ ಉನ್ನಾಯಿ. ಇವ್ವಮಂಟಾರಾ?" ಹೋದ ವರ್ಷದವೂ ಇವೆ, ಕೊಡಲೇ ಎಂದು ಕೇಳುವ ಅವರ ಮುಖದಲ್ಲಿ ಎಷ್ಟು ಕಳಕಳಿ! ಅವ್ವ ನಗು ನುಂಗಿಕೊಂಡು ಈ ವರ್ಷದವನ್ನಷ್ಟೇ ತೆಗೆದುಕೊಂಡಳು. ಆ ನಗು ಅವಳ ಸಂಕೋಚವನ್ನು ಅರ್ಧ ಕರಗಿಸಿತು. ಮುಂದಿನ ಬಾಗಿಲನ್ನು ಅವಳು ತುಸು ಗಟ್ಟಿಯಾಗಿಯೇ ಬಡಿದಳು.

ಮಾರ್ವಾಡಿಗಳ ಮನೆಯಿಂದ ಕೊಟ್ಟಷ್ಟೂ ಬಂದವು, ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿ. ಮತ್ತೊಂದು ಮನೆಯಲ್ಲಿ ಒಂದೂವರೆ ಉಳಿದಿತ್ತು. ಆ ಒಂದೂವರೆಯನ್ನು ಕಾಗದದಲ್ಲಿ ಸುತ್ತಿಯೇ ಕೊಟ್ಟರು. ನನ್ನ ಕ್ಲಾಸಿನ ಹುಡುಗಿ ತಾನೇ ತಟ್ಟೆ ಹಿಡಿದು ಓಡಿಬಂದು, ನಮ್ಮ ಜೊತೆಯೇ ಮುಂದಿನ ಮನೆಗೂ ಬಂದಳು. ನಾನು ಬುಟ್ಟಿಯನ್ನು ಮುಖದಿಂದ ಇಳಿಸಿದೆ.

ಬುಟ್ಟಿ ಅರ್ಧ ತುಂಬಿತು. ಅರ್ಧ ಸಾಲದು. ಉಳಿದದ್ದು ನಮ್ಮ ಹಿತ್ತಲಿನ ಗೋಡೆಯಾಚೆಯ ಖಾಲಾನ ಮನೆ. ಹೆಸರು ಮೆಹರುನ್ನಿಸಾ, ಗಲ್ಲಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವಳಿಗೆ ಅವ್ವ ಯಾವಾಗಲೂ ಹೆಚ್ಚು ರೊಟ್ಟಿ ಕೊಡುತ್ತಿದ್ದಳು, ಮನೆ ತುಂಬ ಗಂಡುಮಕ್ಕಳಿದ್ದರು. ಆದರೆ ಅಲ್ಲಿ ಒಂದು ಚೂರೂ ಇರಲಿಲ್ಲ. "ಮೇರೆ ಪೊಟ್ಟೆ ರಾತ್ ಕೋಚ್ ಖಾ ಡಾಲೇ ಮಾ!" ಎಂದಳು ಖಾಲಾ. ಹುಡುಗರು ರಾತ್ರಿಯೇ ಶೋರ್ವಾ ಸಾರಿನಲ್ಲಿ ನೆನೆಸಿ ಮುಗಿಸಿದ್ದರು. ಅವ್ವ ತಲೆಯಾಡಿಸಿ ತಿರುಗಿದಳು. ಖಾಲಾ ಬುಟ್ಟಿ ನೋಡಿದಳು, ಅವ್ವನ ಮುಖ ನೋಡಿದಳು, ವಿಷಯವೇನೆಂದು ಬಿಡದೆ ಕೇಳಿದಳು. ಕೇಳಿದ ಮೇಲೆ ಸೊಂಟಕ್ಕೆ ದುಪ್ಪಟ್ಟಾ ಕಟ್ಟಿದಳು.

"ಪಂಚಮಿ ತುಮಾರೆ ತವೆ ಕು ಹೈ. ಮೇರೆ ತವೆ ಕು ಕಾಯ್ಕೀ ಪಂಚಮಿ? ಚಲ್ ಅಂದರ್. ತೂ ಥಾಪ್, ಮೈಂ ಸೇಂಕ್ತೀ."

ಪಂಚಮಿ ನಿಮ್ಮ ಹಂಚಿಗೆ, ನನ್ನ ತವಾಕ್ಕೆ ಎಲ್ಲಿಯ ಪಂಚಮಿ? ನೀನು ಬಡಿ, ನಾನು ಬೇಯಿಸುತ್ತೇನೆ. ಅವ್ವ ಹಿತ್ತಲಿನ ಗೋಡೆಯ ಕಡೆ ನೋಡಿದಳು. ಗೋಡೆಯಾಚೆ ನಮ್ಮ ಶೆಡ್ಡು, ಅಲ್ಲಿ ಆಯಿ. ಅವ್ವ ಏನು ಯೋಚಿಸಿದಳೋ, ಚಪ್ಪಲಿ ಬಿಟ್ಟು ಒಳಗೆ ಹೋದಳು. ಖಾಲಾನ ಎರಡೂ ತವಾ ಒಲೆ ಏರಿದವು. ಆ ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಗಲ್ಲಿಗೆಲ್ಲ ಕೇಳತೊಡಗಿತು.

ಖಾಲಾನ ಮನೆಯಲ್ಲಿದ್ದ ಜೋಳದ ಹಿಟ್ಟು ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ತರಲು ನಾನು ಹಿತ್ತಲಿನ ಬಾಗಿಲಿಗೆ ಓಡಿದೆ. ಆಯಿ ಆಗಲೇ ಗೋಡೆಯ ಹತ್ತಿರ ನಿಂತಿದ್ದಳು, ಕಂಕುಳಲ್ಲಿ ಹಿಟ್ಟಿನ ಡಬ್ಬಿ. ಬಡಿತ ಅವಳಿಗೂ ಕೇಳಿಸಿತ್ತು. ಗೋಡೆಯ ಮೇಲಿಂದ ಡಬ್ಬಿ ದಾಟಿಸುತ್ತ ಹೇಳಿದಳು: "ಒಯ್ಯಿ. ಅಕೀ ಮನ್ಯಾಗ ನಮ್ಮ ಮಂದಿಗೆ ಸಾಲೂವಷ್ಟು ಹಿಟ್ಟು ಎಲ್ಲಿರತೈತಿ? ಮತ್ತ ನಿಮ್ಮವ್ವಗ ಹೇಳು, ರೊಟ್ಟಿ ದಪ್ಪ ಆದಾವು, ಅವಸರ ಮಾಡಬ್ಯಾಡ ಅಂತ."

ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಇನ್ನೂ ಹತ್ತಾರು ಗಂಟು ಕಟ್ಟುವುದು ಬಾಕಿ. ಅಪ್ಪ ಎಲ್ಲಿದ್ದಾರೆಂದು ಆವರೆಗೆ ಯಾರಿಗೂ ನೆನಪಿರಲಿಲ್ಲ. ಅವರು ಬಸ್ಸಿನ ಬಾಗಿಲಲ್ಲಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಡ್ರೈವರನಿಗೆ ಅವನ ರಜೆಯ ಹಕ್ಕುಗಳ ಬಗ್ಗೆ, ರಜೆ ಉಳಿದರೆ ನಿವೃತ್ತಿಯಲ್ಲಿ ಏನೇನು ಸಿಗಬೇಕೆಂಬ ಬಗ್ಗೆ ಮೊದಲ ಪ್ಯಾರಾ ಮುಗಿಸಿ ಎರಡನೆಯದಕ್ಕೆ ಕಾಲಿಟ್ಟಿದ್ದರು. ಡ್ರೈವರ ಕೈಯನ್ನು ಗೇರಿನ ಮೇಲಿಂದ ತೆಗೆದು, ಎಂಜಿನ್ ಆರಿಸಿ, ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಇಡೀ ಆಯುಷ್ಯದಲ್ಲಿ ಅಪ್ಪನ ಉದ್ದ ಮಾತಿನಿಂದ ಲೋಕಕ್ಕೆ ಇಷ್ಟೊಂದು ಉಪಕಾರವಾದ ಇನ್ನೊಂದು ದಿನ ನನಗೆ ಗೊತ್ತಿಲ್ಲ. 'ಮೇಲ್ಕಂಡ ಕಾರಣಗಳಿಂದ' ಎಂಬ ಘಟ್ಟ ಬರುವಷ್ಟರಲ್ಲಿ ಕೊನೆಯ ಗಂಟೂ ಬಸ್ಸು ಹತ್ತಿತ್ತು.

ಬಸ್ಸು ಹೊರಟ ಮೇಲೆ ಅವ್ವ ಖಾಲಾನ ಮೆಟ್ಟಿಲ ಮೇಲೆ ಕುಸಿದು ಕೂತಳು. ಮುಖಕ್ಕೆಲ್ಲ ಹಿಟ್ಟು. ಬಸ್ಸು ಹೋಯಿತೇ, ತವಾ ಇಳಿಸಲೇ ಎಂದು ಒಳಗಿಂದ ಖಾಲಾ ಕೂಗಿದಳು: "ಬಸ್ ಗಯೀ ಕ್ಯಾ? ತವಾ ಉತಾರೂಂ?"

"ಗಯೀ ಖಾಲಾ. ಉತಾರೋ" ಅಂದಳು ಅವ್ವ. ಹೋಯಿತು, ಇಳಿಸು. ಅಂದವಳೇ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳ ಪಕ್ಕ ಕೂತಿದ್ದ ನನಗೆ ಎದೆ ಉಬ್ಬಿ ಬಂತು. ಇವಳು ನನ್ನ ಅವ್ವ ಎಂದು ಗಲ್ಲಿಯವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಅವರಿಗೆಲ್ಲ ಅದು ಗೊತ್ತೇ ಇತ್ತು. ಆದರೂ ಹೇಳಬೇಕೆನಿಸಿತು. ಅಂದಿನ ಆ ಹೆಮ್ಮೆ ಇಂದಿಗೂ ಇಳಿದಿಲ್ಲ.

ಸಂಜೆ ಬಸಣ್ಣ ಹಳದಿ ಹೂವಿನ ಬಟ್ಟೆ ಕೊಡಲು ಬಂದ. "ಅಕ್ಕಾರ, ಇವತ್ತ ಕೆಲವು ರೊಟ್ಟಿ ದಪ್ಪ ಇದ್ವಲ್ರಿ? ಒಬ್ಬಗ ಸಜ್ಜಿದು, ಒಬ್ಬಗ ಎಳ್ಳಿಂದು, ನನಗ ಬಿಸಿದು. ಎಲ್ಲಾರೂ ಹಂಚ್ಕೊಂಡ ತಿಂದ್ವಿ. ಭಾಳ ಚಲೋ ಆತ್ರಿ ಹಬ್ಬ." ಅವ್ವ ಬಟ್ಟೆ ತೆಗೆದುಕೊಂಡು ಮಡಚಿಟ್ಟಳು. ಒಳಗೆ ಅಪ್ಪ ಕೆಮ್ಮಿದರು. ಆ ಮೂರು ಭಾಷೆಯ ಚೀಲಗಳು ಎಷ್ಟೋ ವರ್ಷ ಮನೆಯಲ್ಲಿ ಉಳಿದವು. ಮಳೆಗಾಲದಲ್ಲಿ ನನ್ನ ಪುಸ್ತಕಗಳು 'ಗೌರಮ್ಮ ರೊಟ್ಟಿ ಉದ್ಯಮ'ದಲ್ಲೇ ಕಾಲೇಜಿಗೆ ಹೋದವು.

ಆಮೇಲೆ ನಾನು ಬ್ಯಾಂಕಿನಲ್ಲಿ ಕೆಲಕಾಲ ಗುಮಾಸ್ತೆಯಾಗಿದ್ದೆ. ಅಲ್ಲಿಯ ಕೌಂಟರನ್ನೂ ಬಡಿಯುತ್ತಿದ್ದೆ. ಅವ್ವನ ಮೊಣಕೈ ಸೋತಾಗ ಕೆಲಸ ಬಿಟ್ಟು ಶೆಡ್ಡಿಗೆ ಬಂದೆ. 'ಓದಿ ಓದಿ ರೊಟ್ಟಿ ಬಡಿದಳು' ಎಂದು ಬೀಗರು ಆಡಿಕೊಂಡರು. ಆಡಿಕೊಳ್ಳಲಿ, ಮಾತು ನಿಜವೇ. ಶೆಡ್ಡು ಈಗ ದೊಡ್ಡದಾಗಿದೆ. ಬಡಿಯುವ ಕೈಗಳು ಹೆಚ್ಚಾಗಿವೆ. ಪಟಾನ್‌ಚೆರುವಿನ ಜೊತೆ ಜೀಡಿಮೆಟ್ಲಾದ ಬಸ್ಸಿಗೂ ಗಂಟು ಹೋಗುತ್ತದೆ. ಅವ್ವ, ಅಪ್ಪ, ಆಯಿ ಮೂವರೂ ಇಲ್ಲ. ರೊಟ್ಟಿ ಹಬ್ಬ ಇದೆ. ಗಲ್ಲಿಯಲ್ಲಿ ಒಂದು ಹೊಸ ಸಂಪ್ರದಾಯವೂ ಇದೆ: ಕೊಟ್ಟ ರೊಟ್ಟಿಯನ್ನು ಅಂದೇ ಯಾರೂ ಪೂರ್ತಿ ತಿನ್ನುವುದಿಲ್ಲ. ಪಂಚಮಿಯ ಬಸ್ಸು ಹೋಗುವವರೆಗೆ ಪ್ರತಿ ಮನೆಯಲ್ಲೂ ಒಂದೆರಡು ಎತ್ತಿಟ್ಟಿರುತ್ತಾರೆ. ಹೊಸ ಬಾಡಿಗೆದಾರರು ಏಕೆಂದು ಕೇಳಿದರೆ ಪಕ್ಕದವರು ಹೇಳಿಕೊಡುತ್ತಾರೆ.

ಮರುದಿನ ಶಂಶಾಬಾದಿನ ಹುಡುಗನಿಗೆ ಫೋನು ಮಾಡಿದೆ. ಉದ್ದೇಶ ಸಿಕ್ಕಿತಪ್ಪಾ, ಒಂದೇ ಸಾಲು ಎಂದು, ಬಸ್ಸು ಹತ್ತುವವರ ಗಂಟು ಖಾಲಿ ಇರಬಾರದೆಂಬ ಅವ್ವನ ಮಾತನ್ನು ತೆಲುಗಿನಲ್ಲಿ ಹೇಳಿದೆ. ಹಾಗಾಗಿ ನಿಮ್ಮ ರೊಟ್ಟಿ ಬೆಳಗಿನ ಬಸ್ಸುಗಳು ಹೋದ ಮೇಲೆಯೇ ಬಡಿಯುವುದು, ಮತ್ತು ಪಂಚಮಿಯ ದಿನ ನಮ್ಮ ಹಂಚು ಒಲೆ ಏರುವುದಿಲ್ಲ ಎಂದೂ ಸೇರಿಸಿದೆ. "ಬಸ್ ತರ್ವಾತೇ ಪಂಪಂಡಿ ಮೇಡಂ," ಬಸ್ಸಿನ ನಂತರವೇ ಕಳಿಸಿ ಎಂದ. ಆರ್ಡರು ಸಿಕ್ಕಿತು. ಅಪ್ಪ ಇದ್ದಿದ್ದರೆ ಇದನ್ನು ಎಷ್ಟು ಪ್ಯಾರಾ ಮಾಡುತ್ತಿದ್ದರೋ.

ಖಾಲಾ ಇದ್ದಾಳೆ. ಎಂಬತ್ತು ದಾಟಿರಬೇಕು. ಮಗ ಟೋಲಿಚೌಕಿಯಲ್ಲಿ ಫ್ಲ್ಯಾಟು ತೆಗೆದುಕೊಂಡು ಕರೆದುಕೊಂಡು ಹೋಗಿದ್ದಾನೆ. ಅಲ್ಲಿಂದ ಎರ್ರಗಡ್ಡಕ್ಕೆ ಬಿಸಿ ರೊಟ್ಟಿ ಬರುವಷ್ಟರಲ್ಲಿ ಯಾವ ಬಸ್ಸೂ ನಿಲ್ಲುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಮೊಮ್ಮಗ ಸ್ಕೂಟರಿನಲ್ಲಿ ತರುತ್ತಾನಂತೆ. ಪ್ರತಿ ಪಂಚಮಿಯ ನಸುಕಿಗೆ ಎದ್ದು ಹಿಟ್ಟು ನಾದಿಟ್ಟು, ತವಾ ಒಲೆಗೇರಿಸಿ ಕೂಡುತ್ತಾಳೆ ಎಂದು ಸೊಸೆ ಹೇಳುತ್ತಾಳೆ. ಈ ವರ್ಷವೂ ನಾನು ಕೊನೆಯ ಗಂಟನ್ನು ಬಸ್ಸಿಗೆ ಹತ್ತಿಸಿ ಶೆಡ್ಡಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಗೋಡೆಗೆ ನಮ್ಮ ಹಂಚುಗಳೆಲ್ಲ ಬೋರಲು ಬಿದ್ದಿದ್ದವು.

"ಬಸ್ ಗಯೀ ಕ್ಯಾ ಬೇಟಾ? ತವಾ ಉತಾರೂಂ?"

"ಗಯೀ ಖಾಲಾ," ಅಂದೆ. "ಅಬ್ ಉತಾರೋ."